ಹಬ್ಬವೆಂದರೆ ಮಿತಿ: ಕೆಲ್ಟಿಕ್ ಋತುಹಬ್ಬಗಳ ಕುರಿತು

(ಬಳಗದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ದೀಪಾವಳಿಯ ರಜೆಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿದಳು. ಅವಳ ಹಾಸ್ಟೆಲಿನ ಗೆಳತಿಯರು ಅಕ್ಟೋಬರ್ 31ರ ರಾತ್ರಿ ಹ್ಯಾಲೋವೀನ್ ಎಂದು ಸಿಹಿಗುಂಬಳದ ಹೊಟ್ಟೆ ಕೊರೆದು, ಕಣ್ಣುಮೂಗು ಬಿಡಿಸಿ, ಒಳಗೆ ದೀಪವಿಟ್ಟಿದ್ದರಂತೆ. “ಇದು ಯಾರ ಹಬ್ಬ? ಕುಂಬಳಕ್ಕೂ ದೆವ್ವಕ್ಕೂ ಏನು ಸಂಬಂಧ?” ಎಂಬುದು ಅವಳ ಪ್ರಶ್ನೆ. ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಉಳಿದರ್ಧವನ್ನು ಇಂದು ನಿಮ್ಮೆಲ್ಲರ ಎದುರಿಗೆ ಹೇಳುತ್ತೇನೆ. ನಾನು ಪುರಾಣಶಾಸ್ತ್ರದ ಪಂಡಿತನಲ್ಲ. ಮಣ್ಣು, ಹುಲ್ಲು, ಬೆಳೆಗಳನ್ನು ಓದಿಕೊಂಡವನು. ಆ ಹಬ್ಬಗಳ ಮೂಲವೂ ಹುಲ್ಲಿನಲ್ಲಿಯೇ ಇರುವುದರಿಂದ ಈ ವಿಷಯಕ್ಕೆ ಕೈಹಾಕುವ ಧೈರ್ಯ ಮಾಡಿದ್ದೇನೆ.

ಕೆಲ್ಟಿಕ್ ಎಂಬುದು ಒಂದು ದೇಶದ ಹೆಸರಲ್ಲ, ಒಂದು ಭಾಷಾಬಳಗದ ಹೆಸರು. ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾನ್ ದ್ವೀಪದ ಮ್ಯಾಂಕ್ಸ್, ವೇಲ್ಸ್‌ನ ವೆಲ್ಷ್, ಕಾರ್ನಿಷ್, ಫ್ರಾನ್ಸಿನ ಬ್ರೆಟನ್ ಈ ಬಳಗಕ್ಕೆ ಸೇರಿದವು. ನಾನು ಹೇಳಲಿರುವ ನಾಲ್ಕು ಹಬ್ಬಗಳು ಮುಖ್ಯವಾಗಿ ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಮ್ಯಾನ್ ದ್ವೀಪದವು. ನವೆಂಬರ್ 1ರ ಸೌವಿನ್, ಫೆಬ್ರುವರಿ 1ರ ಇಂಬೋಲ್ಕ್, ಮೇ 1ರ ಬೆಲ್ಟೇನ್, ಆಗಸ್ಟ್ 1ರ ಲೂನಸಾ. ಇಂದಿಗೂ ಐರಿಷ್ ಭಾಷೆಯಲ್ಲಿ ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಹೆಸರುಗಳು ಈ ಹಬ್ಬಗಳ ಹೆಸರುಗಳೇ. ಹಬ್ಬ ಮಾಡದವನೂ ದಿನಾಂಕ ಬರೆಯುವಾಗ ಅದರ ಹೆಸರನ್ನು ಉಚ್ಚರಿಸುತ್ತಾನೆ.

ಹುಲ್ಲಿನ ಲೆಕ್ಕ

ಆ ನಾಡಿನ ಹವಾಮಾನವನ್ನು ಅರಿಯದೆ ಈ ಹಬ್ಬಗಳು ಅರ್ಥವಾಗಲಾರವು. ನಮ್ಮ ಬೆಟ್ಟಗಳು ಭೂಮಧ್ಯರೇಖೆಯಿಂದ ಸುಮಾರು 13-14 ಡಿಗ್ರಿ ಉತ್ತರದಲ್ಲಿವೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಎರಡು ಗಂಟೆಗೂ ಕಡಿಮೆ. ಐರ್ಲೆಂಡಿನ ಡಬ್ಲಿನ್ ನಗರ ಸುಮಾರು 53 ಡಿಗ್ರಿಯಲ್ಲಿದೆ. ಅಲ್ಲಿ ಜೂನ್ ತಿಂಗಳ ಹಗಲು 17 ಗಂಟೆಗಳಷ್ಟು ಉದ್ದ, ಡಿಸೆಂಬರ್ ತಿಂಗಳ ಹಗಲು ಏಳೂವರೆ ಗಂಟೆಯಷ್ಟು ಮಾತ್ರ. ನಮ್ಮ ವರ್ಷವನ್ನು ಮಳೆ ಅಳೆಯುತ್ತದೆ. ಅವರ ವರ್ಷವನ್ನು ಬೆಳಕು ಅಳೆಯುತ್ತದೆ. ಮಳೆ ಅಲ್ಲಿ ಹನ್ನೆರಡು ತಿಂಗಳೂ ಬರುವುದರಿಂದ ನೀರಿಗೆ ಕೊರತೆಯಿಲ್ಲ. ಆದರೆ ನವೆಂಬರಿನಿಂದ ಫೆಬ್ರುವರಿಯವರೆಗೆ ನೆಲ ತಣ್ಣಗಾಗಿ, ಬೆಳಕು ಕುಗ್ಗಿ, ಹುಲ್ಲಿನ ಬೆಳವಣಿಗೆ ಬಹುಮಟ್ಟಿಗೆ ನಿಂತುಬಿಡುತ್ತದೆ.

ಪ್ರಾಚೀನ ಐರ್ಲೆಂಡಿನಲ್ಲಿ ಸಂಪತ್ತೆಂದರೆ ಗೋಸಂಪತ್ತು. ದಂಡ, ಋಣ, ವಧುದಕ್ಷಿಣೆಗಳನ್ನೆಲ್ಲ ಹಸುಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಅಂಥ ಸಮಾಜಕ್ಕೆ ಹುಲ್ಲು ಎಂದು ಚಿಗುರುತ್ತದೆ, ಎಂದು ನಿಲ್ಲುತ್ತದೆ ಎಂಬುದೇ ವರ್ಷದ ಮುಖ್ಯ ಸುದ್ದಿ. ಆದುದರಿಂದ ವರ್ಷ ಎರಡು ಭಾಗವಾಯಿತು. ಮೇ 1ರಿಂದ ಬೆಳಕಿನ ಭಾಗ. ನವೆಂಬರ್ 1ರಿಂದ ಕತ್ತಲೆಯ ಭಾಗ. ಮೇ ಬಂದಾಗ ದನಗಳನ್ನು ಎತ್ತರದ ಬೆಟ್ಟದ ಹುಲ್ಲುಗಾವಲಿಗೆ ಅಟ್ಟುತ್ತಿದ್ದರು. ಅವು ನಮ್ಮ ಬೇಣಗಳಂಥ ಸಾಮೂಹಿಕ ಜಾಗಗಳು. ಯುವಕ ಯುವತಿಯರು ಅಲ್ಲಿಯೇ ಸಣ್ಣ ಗುಡಿಸಲುಗಳಲ್ಲಿ ಉಳಿದು ಹಾಲು ಕರೆದು ಬೆಣ್ಣೆ ತೆಗೆಯುತ್ತಿದ್ದರು. ಈ ಪದ್ಧತಿಯನ್ನು ಐರ್ಲೆಂಡಿನಲ್ಲಿ ‘ಬೂಲಿ’ ಎನ್ನುತ್ತಾರೆ. ಸೌವಿನ್ ಹೊತ್ತಿಗೆ ದನಗಳು ಕೆಳಗಿಳಿಯುತ್ತಿದ್ದವು. ಬೇಸಿಗೆಯಲ್ಲಿ ಕಣಿವೆಯ ಹೊಲ ದನಗಳಿಂದ ಪಾರಾಗಿ ಬೆಳೆ ಕೊಡುತ್ತಿತ್ತು. ಚಳಿಗಾಲದಲ್ಲಿ ಬೆಟ್ಟ ವಿಶ್ರಾಂತಿ ಪಡೆಯುತ್ತಿತ್ತು. ಇಂದಿನ ನನ್ನ ಮಾತಿನ ತಿರುಳು ಇಷ್ಟೇ: ಈ ಹಬ್ಬಗಳು ಮೊದಲಿಗೆ ಸಂಭ್ರಮದ ದಿನಗಳಲ್ಲ, ಗಡುವಿನ ದಿನಗಳು. ಇಲ್ಲಿಯವರೆಗೆ ಮೇಯಿಸಬಹುದು, ಇಲ್ಲಿಂದ ಮುಂದೆ ಕೂಡದು ಎಂದು ಮನುಷ್ಯ ತನಗೆ ತಾನೇ ಹಾಕಿಕೊಂಡ ಮಿತಿಗಳು.

ನಾಲ್ಕು ಬಾಗಿಲುಗಳು

ಸೌವಿನ್ ಕತ್ತಲೆಯ ಬಾಗಿಲು. ಗಾಲ್ ಪ್ರದೇಶದ ಕೆಲ್ಟರು ಕಾಲವನ್ನು ಹಗಲಿನಿಂದಲ್ಲ, ರಾತ್ರಿಯಿಂದ ಎಣಿಸುತ್ತಾರೆಂದು ರೋಮಿನ ಜೂಲಿಯಸ್ ಸೀಸರ್ ಬರೆದಿದ್ದಾನೆ. ಹಬ್ಬವೂ ಹಿಂದಿನ ದಿನದ ಸಂಜೆಗೇ ಆರಂಭ. ಹ್ಯಾಲೋವೀನ್ ಅಕ್ಟೋಬರ್ 31ರ ರಾತ್ರಿ ನಡೆಯುವುದರಲ್ಲಿ ಈ ಎಣಿಕೆಯ ಛಾಯೆಯಿದೆ. ಅಂದು ಈ ಲೋಕಕ್ಕೂ ಪರಲೋಕಕ್ಕೂ ನಡುವಿನ ಬಾಗಿಲು ತೆರೆಯುತ್ತದೆ, ಸತ್ತವರು ಮನೆಗೆ ಬರುತ್ತಾರೆ ಎಂಬುದು ನಂಬಿಕೆ. ಮೇವು ಸಾಲದ ದನಗಳನ್ನು ಕಡಿದು ಮಾಂಸವನ್ನು ಉಪ್ಪಿನಲ್ಲಿಡುವ ಕಾಲವೂ ಅದೇ. ಯಾವ ದನ ಚಳಿಗಾಲ ದಾಟೀತು, ಯಾವುದು ದಾಟಲಾರದು ಎಂದು ತೀರ್ಮಾನಿಸುವ ಮನೆಯಲ್ಲಿ ಸಾವಿನ ಮಾತು ಬಾರದೆ ಇದ್ದೀತೇ? ಇನ್ನೊಂದು ನಿಯಮ ನೋಡಿ. ಸೌವಿನ್ ಕಳೆದ ಮೇಲೆ ಬೇಲಿಯ ಬ್ಲ್ಯಾಕ್‌ಬೆರಿ ಹಣ್ಣನ್ನು ಕೀಳಬಾರದು. ‘ಪೂಕ’ ಎಂಬ ಭೂತ ಅದರ ಮೇಲೆ ಉಗುಳಿರುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದರು. ನವೆಂಬರಿನ ತೇವಕ್ಕೆ ಆ ಹಣ್ಣು ಬೂಷ್ಟು ಹಿಡಿಯುತ್ತದೆಂಬುದು ಸಸ್ಯಶಾಸ್ತ್ರದ ಮಾತು. ಉಳಿದ ಹಣ್ಣು ಹಕ್ಕಿಗಳ ಪಾಲಾಗುತ್ತದೆಂಬುದು ಅದರಿಂದ ಸಿಗುವ ಲಾಭ. ಭೂತದ ಹೆಸರಿನಲ್ಲಿ ಎರಡೂ ಕೆಲಸ ನಡೆದವು.

ಇನ್ನು ಕುಂಬಳದ ಪ್ರಶ್ನೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಮೊದಲು ಕೊರೆಯುತ್ತಿದ್ದುದು ಟರ್ನಿಪ್ ಗಡ್ಡೆಯನ್ನು. 1845ರಲ್ಲಿ ಆರಂಭವಾದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಹಡಗು ಹತ್ತಿದವರಲ್ಲಿ ಬಹುಮಂದಿ ಅಮೆರಿಕಕ್ಕೆ ಹೋದರು. ಅಲ್ಲಿ ಸುಲಭವಾಗಿ ಸಿಕ್ಕಿದ್ದು, ಕೊರೆಯಲು ಮೆತ್ತಗಿದ್ದದ್ದು ಕುಂಬಳ. ಹಾಸ್ಟೆಲಿನ ಕಿಟಕಿಯಲ್ಲಿ ಮಿನುಗಿದ ಆ ದೀಪದ ಹಿಂದೆ ಹಸಿದು ಊರು ಬಿಟ್ಟವರ ಕಥೆಯೂ ಇದೆ.

ಎರಡನೆಯ ಬಾಗಿಲು ಇಂಬೋಲ್ಕ್. ಸುಮಾರು ಕ್ರಿ.ಶ. 900ರ ಕಾಲದ ‘ಕಾರ್ಮಾಕನ ನಿಘಂಟು’ ಈ ಹಬ್ಬವನ್ನು ಕುರಿಯ ಹಾಲಿನೊಂದಿಗೆ ಜೋಡಿಸುತ್ತದೆ. ಗಬ್ಬದ ಕುರಿಗಳಿಗೆ ಕೆಚ್ಚಲು ತುಂಬುವ ಕಾಲವಿದು. ಚಳಿಗಾಲದ ನಡುವೆ ಕಾಣುವ ಮೊದಲ ಹಾಲು. ಈ ದಿನ ಮುಂದೆ ಸಂತ ಬ್ರಿಜಿಡಳ ದಿನವಾಯಿತು. ಜೊಂಡುಹುಲ್ಲಿನಿಂದ ಶಿಲುಬೆ ಹೆಣೆದು ಮನೆಬಾಗಿಲ ಮೇಲೆ ಸಿಕ್ಕಿಸುವುದು ವಾಡಿಕೆ. ಕಿಲ್ಡೇರ್ ಎಂಬಲ್ಲಿ ಅವಳ ಹೆಸರಿನ ಬೆಂಕಿಯನ್ನು ಸನ್ಯಾಸಿನಿಯರು ಆರದಂತೆ ಕಾಯುತ್ತಿದ್ದರೆಂದು 12ನೇ ಶತಮಾನದ ಜೆರಾಲ್ಡ್ ಆಫ್ ವೇಲ್ಸ್ ಬರೆದಿದ್ದಾನೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ರೈತರ ಒಂದು ಪದ್ಧತಿ. ಅಂದು ಮನೆಯ ಯಜಮಾನ ಹುಲ್ಲಿನ ಬಣವೆಯನ್ನೂ ಕಾಳಿನ ಸಂಗ್ರಹವನ್ನೂ ಪರೀಕ್ಷಿಸುತ್ತಿದ್ದ. ಅರ್ಧದಷ್ಟು ಉಳಿದಿದ್ದರೆ ಮನೆ ಕ್ಷೇಮ. ಉಳಿದಿರದಿದ್ದರೆ ಕೈ ಹಿಡಿದು ಬಳಸಬೇಕು. ಹಬ್ಬವೆಂದರೆ ಲೆಕ್ಕಪರಿಶೋಧನೆಯ ದಿನವೂ ಹೌದು.

ಮೂರನೆಯದು ಬೆಲ್ಟೇನ್, ಬೆಂಕಿಯ ಹಬ್ಬ. ಮಂತ್ರ ಹೇಳುತ್ತ ಎರಡು ಬೆಂಕಿಗಳನ್ನು ಹೊತ್ತಿಸಿ, ಆ ವರ್ಷದ ರೋಗಗಳಿಂದ ರಕ್ಷಣೆಗಾಗಿ ದನಗಳನ್ನು ಅವುಗಳ ನಡುವೆ ಹಾಯಿಸುತ್ತಿದ್ದರೆಂದು ಅದೇ ನಿಘಂಟು ಹೇಳುತ್ತದೆ. 17ನೇ ಶತಮಾನದ ಇತಿಹಾಸಕಾರ ಜೆಫ್ರಿ ಕೀಟಿಂಗ್ ಈ ಬೆಂಕಿಯನ್ನು ದ್ವೀಪದ ನಡುಭಾಗದ ಉಶ್ನಾ ಬೆಟ್ಟದೊಂದಿಗೆ ಜೋಡಿಸಿದ್ದಾನೆ. ಕೊಟ್ಟಿಗೆಗೆ ಹೊಗೆ ಹಾಕುವ ನಮಗೆ ಇದನ್ನು ಕೀಟನಿವಾರಣೆ ಎಂದು ವಿವರಿಸಿಬಿಡುವ ಆಸೆಯಾಗಬಹುದು. ನಾನು ಅಷ್ಟಕ್ಕೇ ನಿಲ್ಲಿಸಲಾರೆ. ಬೆಟ್ಟಕ್ಕೆ ಹೊರಡುವ ಮೊದಲು ಕಿರಿದಾದ ದಾರಿಯಲ್ಲಿ ದನಗಳನ್ನು ದಾಟಿಸುವಾಗ ಒಡೆಯನ ಕಣ್ಣು ಪ್ರತಿಯೊಂದು ದನದ ಮೇಲೂ ಬೀಳುತ್ತದೆ: ಯಾವುದು ಕುಂಟುತ್ತಿದೆ, ಯಾವುದು ಬಡಕಲಾಗಿದೆ ಎಂದು. ಅಂದು ಮನೆಯಿಂದ ಬೆಂಕಿಯನ್ನಾಗಲಿ ಹಾಲನ್ನಾಗಲಿ ಹೊರಗೆ ಕೊಡಬಾರದೆಂಬ ನಿಷೇಧವೂ ಇತ್ತು. ಕೊಟ್ಟರೆ ವರ್ಷದ ಬೆಣ್ಣೆಯ ಭಾಗ್ಯವೇ ಹೊರಟುಹೋಗುತ್ತದೆಂಬ ಅಂಜಿಕೆ. ಹಾಥಾರ್ನ್ ಎಂಬ ಮುಳ್ಳುಮರದ ಬಿಳಿ ಹೂವು ಈ ಹಬ್ಬದ ಗುರುತು.

ನಾಲ್ಕನೆಯದು ಲೂನಸಾ, ಹೊಸ ಫಸಲಿನ ಹಬ್ಬ. ಜುಲೈ ತಿಂಗಳು ಬಡವರಿಗೆ ಹಸಿವಿನ ತಿಂಗಳಾಗಿತ್ತು. ಹಳೆಯ ದಾಸ್ತಾನು ಮುಗಿದಿರುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಆದರೂ ಲೂನಸಾಕ್ಕೆ ಮೊದಲು ಹೊಸ ಆಲೂಗಡ್ಡೆ ಅಗೆಯುವುದು ಕೆಟ್ಟ ಬೇಸಾಯಗಾರನ ಲಕ್ಷಣವೆನಿಸಿತ್ತು. ಬಲಿಯದ ಗಡ್ಡೆ ಅಗೆದರೆ ಇಂದಿನ ಊಟಕ್ಕೆ ನಾಳೆಯ ಮೂರು ಊಟ ಖರ್ಚಾಗುತ್ತದೆ. ಹಬ್ಬದ ದಿನ ಜನ ಬೆಟ್ಟ ಹತ್ತಿ ಬಿಲ್‌ಬೆರಿ ಎಂಬ ಕಾಡುಹಣ್ಣನ್ನು ಆರಿಸುತ್ತಿದ್ದರು. ಮಾರ ಮ್ಯಾಕ್‌ನೀಲ್ ಎಂಬ ವಿದುಷಿ ಐರ್ಲೆಂಡಿನ ಹಳ್ಳಿಗಳ ಇಂಥ ನೆನಪುಗಳನ್ನು ಕಲೆಹಾಕಿ 1962ರಲ್ಲಿ ಈ ಹಬ್ಬದ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಜುಲೈ ಕೊನೆಯ ಭಾನುವಾರ ಸಾವಿರಾರು ಯಾತ್ರಿಕರು ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುವುದನ್ನು ಅವರು ಈ ಹಳೆಯ ಹಬ್ಬದ ಮುಂದುವರಿಕೆಯೆಂದು ಗುರುತಿಸಿದ್ದಾರೆ.

ತೈಲ್ತ್ಯುವಿನ ಕಥೆ

ಲೂನಸಾ ಎಂಬ ಹೆಸರು ಲೂಗ್ ಎಂಬ ದೇವನಿಂದ ಬಂದದ್ದು. ಆದರೆ ಮಧ್ಯಯುಗದ ಐರಿಷ್ ಕೃತಿಗಳ ಪ್ರಕಾರ ಹಬ್ಬ ಅವನ ಗೌರವಕ್ಕಾಗಿ ಹುಟ್ಟಿದ್ದಲ್ಲ. ಅವನ ಸಾಕುತಾಯಿ ತೈಲ್ತ್ಯುವಿನ ನೆನಪಿಗಾಗಿ ಹುಟ್ಟಿದ್ದು. ದಟ್ಟ ಕಾಡೊಂದನ್ನು ಕಡಿದು ಬೇಸಾಯದ ಬಯಲು ಮಾಡಿದವಳು ಅವಳು. ವರ್ಷ ತುಂಬುವ ಮೊದಲೇ ಕಾಡಿದ್ದ ಜಾಗದಲ್ಲಿ ಕ್ಲೋವರ್ ಹೂಬಿಟ್ಟ ಬಯಲು ಹರಡಿತಂತೆ. ಆದರೆ ಆ ದುಡಿಮೆಯ ಭಾರಕ್ಕೆ ಅವಳ ಎದೆ ಒಡೆಯಿತು. ಸಾಯುವಾಗ ತನ್ನ ಸಮಾಧಿಯ ಬಳಿ ಪ್ರತಿವರ್ಷ ಜನ ಸೇರಿ ತನಗಾಗಿ ಶೋಕಿಸಬೇಕು, ಆಟೋಟಗಳನ್ನು ನಡೆಸಬೇಕು ಎಂದು ಕೇಳಿಕೊಂಡಳು. ಮೀಥ್ ಪ್ರಾಂತ್ಯದ ಟೆಲ್‌ಟೌನ್ ಎಂಬ ಸ್ಥಳ ಇಂದಿಗೂ ಅವಳ ಹೆಸರನ್ನು ಹೊತ್ತಿದೆ.

ಬಂಧುಗಳೇ, ಇದು ಸುಗ್ಗಿಯ ಹಬ್ಬದ ಮೂಲಕಥೆ ಎಂಬುದನ್ನು ಗಮನಿಸಬೇಕು. ಹೊಸ ರೊಟ್ಟಿಯನ್ನು ಕೈಯಲ್ಲಿ ಹಿಡಿದಾಗ ಮೊದಲು ನೆನೆಯಬೇಕಾದುದು ಆ ರೊಟ್ಟಿಗಾಗಿ ಕಡಿದ ಕಾಡನ್ನು ಮತ್ತು ಅದಕ್ಕಾಗಿ ಸವೆದ ಜೀವವನ್ನು. ಕಾಡು ಕಡಿಯಲೇಬಾರದೆಂದು ಈ ಕಥೆ ಉಪದೇಶಿಸುವುದಿಲ್ಲ. ಬೇಸಾಯಗಾರನಿಗೆ ಹಾಗೆ ಹೇಳಲು ಬರುವುದೂ ಇಲ್ಲ. ಬೆಲೆ ತೆತ್ತಿದ್ದೇವೆ ಎಂಬುದನ್ನು ಮರೆಯಬೇಡಿ ಎನ್ನುತ್ತದೆ. ಆ ನಾಡು ಮರೆಯಿತು. 20ನೇ ಶತಮಾನದ ಆರಂಭಕ್ಕೆ ಐರ್ಲೆಂಡಿನಲ್ಲಿ ಉಳಿದಿದ್ದ ಅರಣ್ಯ ನೆಲದ ಶೇಕಡಾ 1ರಷ್ಟು ಮಾತ್ರ. ಈಗ ಅದು ಶೇಕಡಾ 11ನ್ನು ದಾಟಿದೆ. ಆದರೆ ಅದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಉತ್ತರ ಅಮೆರಿಕದಿಂದ ತಂದ ಸಿಟ್ಕಾ ಸ್ಪ್ರೂಸ್ ಎಂಬ ಒಂದೇ ಜಾತಿಯ ನೆಡುತೋಪು. ಅಕೇಶಿಯಾ ತೋಪುಗಳ ನಡುವೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿತಿ ಮರೆತಾಗ

ಇಂದು ಈ ಹಬ್ಬಗಳಿಗೆ ಬೇರೆ ರೀತಿಯ ಜೀವ ಬಂದಿದೆ. ಎಡಿನ್‌ಬರೋ ನಗರದ ಕ್ಯಾಲ್ಟನ್ ಬೆಟ್ಟದಲ್ಲಿ 1988ರಿಂದ ಬೆಲ್ಟೇನ್ ಬೆಂಕಿಯ ಉತ್ಸವ ನಡೆಯುತ್ತಿದೆ. 2023ರಿಂದ ಐರ್ಲೆಂಡ್ ಸರಕಾರ ಬ್ರಿಜಿಡಳ ದಿನಕ್ಕೂ ರಜೆ ಕೊಟ್ಟಿರುವುದರಿಂದ ನಾಲ್ಕೂ ಹಬ್ಬಗಳ ಆಸುಪಾಸಿನಲ್ಲಿ ಈಗ ಒಂದೊಂದು ಸಾರ್ವಜನಿಕ ರಜೆಯಿದೆ. ಎಂಟು ಹಬ್ಬಗಳ ‘ವರ್ಷಚಕ್ರ’ ಎಂಬ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಈ ನಾಲ್ಕಕ್ಕೆ ಅಯನ ಮತ್ತು ವಿಷುವದ ನಾಲ್ಕು ದಿನಗಳನ್ನು ಸೇರಿಸಿ ಅದನ್ನು ರೂಪಿಸಿದವರು 1950ರ ದಶಕದ ಇಂಗ್ಲೆಂಡಿನ ನವ-ಪೇಗನ್ ಪಂಥದವರು. ಅದನ್ನು ಪ್ರಾಚೀನವೆಂದು ನಂಬಿ ನಾನೂ ಹಿಂದೊಮ್ಮೆ ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಆ ತಪ್ಪನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ. ಹೊಸ ಹಬ್ಬ ಕಟ್ಟುವುದು ಅಪರಾಧವಲ್ಲ. ಆದರೆ ಆ ಹಬ್ಬದಲ್ಲಿ ಯಾವ ದನ ಎಲ್ಲಿಂದ ಇಳಿಯಬೇಕು, ಯಾವ ಗಡ್ಡೆ ಎಂದಿನವರೆಗೆ ಮಣ್ಣಿನಲ್ಲಿರಬೇಕು ಎಂಬ ಮಾತಿಲ್ಲದಿದ್ದರೆ ಉಳಿಯುವುದು ಬೆಂಕಿಯ ಚೆಲುವು ಮಾತ್ರ.

ಬೆಟ್ಟದಲ್ಲಿ ಏನಾಯಿತೆಂಬುದನ್ನು ನೋಡಿ. ಬೂಲಿ ಪದ್ಧತಿ 19ನೇ ಶತಮಾನದಲ್ಲಿಯೇ ಬಹುಮಟ್ಟಿಗೆ ಅಳಿದಿತ್ತು. 1980ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಕುರಿಗಳ ತಲೆಯೆಣಿಕೆಯ ಮೇಲೆ ಸಹಾಯಧನ ಕೊಡತೊಡಗಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಐರ್ಲೆಂಡಿನ ಕುರಿಗಳ ಸಂಖ್ಯೆ ಎರಡುಪಟ್ಟನ್ನೂ ಮೀರಿತು. ಪಶ್ಚಿಮದ ಸಾಮೂಹಿಕ ಬೆಟ್ಟಗಳಲ್ಲಿ ಕುರಿಗಳು ವರ್ಷವಿಡೀ ಮೇದವು. ಹೊದಿಕೆಯ ಗಿಡಗಳು ಸವೆದು ಪೀಟ್ ಎಂಬ ಕಪ್ಪು ಮಣ್ಣು ಮಳೆಗೆ ಕೊಚ್ಚಿಹೋಯಿತು. 2002ರಲ್ಲಿ ಯುರೋಪಿನ ನ್ಯಾಯಾಲಯ, ಅತಿಮೇಯಿಸುವಿಕೆಯಿಂದ ಬೆಟ್ಟದ ಹಕ್ಕಿಯ ನೆಲೆಯನ್ನು ಕಾಪಾಡಲಿಲ್ಲವೆಂದು ಐರ್ಲೆಂಡಿನ ವಿರುದ್ಧ ತೀರ್ಪಿತ್ತಿತು. ಹಬ್ಬ ಮರೆತದ್ದೇ ಇದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಹಳೆಯ ಪಂಚಾಂಗದಲ್ಲಿ ಬೆಟ್ಟಕ್ಕೆ ಆರು ತಿಂಗಳು ರಜೆಯಿತ್ತು. ಸಹಾಯಧನದ ಲೆಕ್ಕದಲ್ಲಿ ಒಂದು ದಿನದ ರಜೆಯೂ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಚಳಿಗಾಲದಲ್ಲಿ ಬೆಟ್ಟ ಹತ್ತುವ ದನಗಳು

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆಯೂ ಅದೇ ನಾಡಿನಲ್ಲಿದೆ. ಕ್ಲೇರ್ ಪ್ರಾಂತ್ಯದಲ್ಲಿ ಬರೆನ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲಿದೆ. ಅಲ್ಲಿ ಕ್ರಮ ತಿರುಗುಮುರುಗು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ನೀರಿಲ್ಲ. ಚಳಿಗಾಲದಲ್ಲಿ ಬುಗ್ಗೆಗಳು ಹರಿಯುತ್ತವೆ, ಸುಣ್ಣಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟಿರುತ್ತದೆ, ನೆಲ ಒಣಗಿರುತ್ತದೆ. ಆದುದರಿಂದ ಸೌವಿನ್ ಹೊತ್ತಿಗೆ ದನಗಳು ಇಳಿಯುವ ಬದಲು ಬೆಟ್ಟ ಹತ್ತುತ್ತವೆ; ವಸಂತದಲ್ಲಿ ಇಳಿಯುತ್ತವೆ. ಅವು ಒಣಹುಲ್ಲನ್ನು ಮೇದು ಮುಗಿಸುವುದರಿಂದ ವಸಂತದ ಹೊತ್ತಿಗೆ ನೆಲಕ್ಕೆ ಬೆಳಕು ಬಿದ್ದು, ನೀಲಿ ಜೆಂಷಿಯನ್ ಮುಂತಾದ ಅಪರೂಪದ ಹೂಗಳು ಅರಳುತ್ತವೆ. ಐರ್ಲೆಂಡಿನ ಸ್ಥಳೀಯ ಸಸ್ಯಜಾತಿಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಈ ಸಣ್ಣ ಪ್ರದೇಶದಲ್ಲಿವೆ. ದನಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ರಸಮೇವು ಹಾಕುವ ರೂಢಿ ಬೆಳೆದಾಗ ಹೇಝಲ್ ಪೊದೆ ಹಬ್ಬಿ ಹೂಗಳು ಮರೆಯಾಗತೊಡಗಿದವು. ದನ ಹೆಚ್ಚಾದರೂ ಬೆಟ್ಟ ಕೆಡುತ್ತದೆ, ದನವಿಲ್ಲದಿದ್ದರೂ ಕೆಡುತ್ತದೆ. ಮಿತಿಯೆಂದರೆ ಕೇವಲ ನಿಷೇಧವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

2005ರಿಂದ 2010ರವರೆಗೆ ನಡೆದ ಬರೆನ್‌ಲೈಫ್ ಯೋಜನೆಯಲ್ಲಿ ರೈತರೂ ವಿಜ್ಞಾನಿಗಳೂ ಕೂಡಿ ಕೆಲಸ ಮಾಡಿದರು. ಅದರ ಮುಂದಿನ ಯೋಜನೆಗಳಲ್ಲಿ ಹುಲ್ಲುಗಾವಲಿನ ಆರೋಗ್ಯಕ್ಕೆ ಅಂಕ ಕೊಟ್ಟು, ಆ ಅಂಕದ ಮೇಲೆ ರೈತನಿಗೆ ಹಣ ಕೊಡುವ ಕ್ರಮ ಬಂದಿತು. ಎಷ್ಟು ತಲೆ ದನ ಎಂಬ ಪ್ರಶ್ನೆ ಹೋಗಿ ನೆಲ ಹೇಗಿದೆ ಎಂಬ ಪ್ರಶ್ನೆ ಬಂದಿತು. ಅಕ್ಟೋಬರ್ ಕೊನೆಗೆ ಊರವರು, ಮಕ್ಕಳು ಸೇರಿ ದನಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗುವುದೇ ಈಗ ಅಲ್ಲಿ ಒಂದು ಉತ್ಸವ. ಪೋಷಾಕಿಲ್ಲ, ಮುಖವಾಡವಿಲ್ಲ, ಆದರೂ ನನ್ನ ದೃಷ್ಟಿಯಲ್ಲಿ ಸೌವಿನ್ನಿನ ಆತ್ಮ ಜೀವಂತವಾಗಿರುವುದು ಆ ಗೊರಸುಗಳ ಸದ್ದಿನಲ್ಲಿ.

ಒಂದು ಮರ, ಒಂದು ಬೆಟ್ಟ, ಒಂದು ಹೂವು

ಸಂಕೇತಗಳಿಗೆ ಕಾಪಾಡುವ ಶಕ್ತಿಯಿದೆಯೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಎರಡು ಘಟನೆಗಳನ್ನು ಹೇಳುತ್ತೇನೆ. 1999ರಲ್ಲಿ ಕ್ಲೇರ್ ಪ್ರಾಂತ್ಯದ ಲಾಟೂನ್ ಎಂಬಲ್ಲಿ ಹೊಸ ಹೆದ್ದಾರಿಗೆ ಒಂಟಿ ಹಾಥಾರ್ನ್ ಮರವೊಂದು ಅಡ್ಡಬಂದಿತು. ಅದು ಯಕ್ಷಿಣಿಯರ ಮರ, ಕಡಿದರೆ ಕೇಡು ತಪ್ಪದು ಎಂದು ಕಥೆಗಾರ ಎಡ್ಡಿ ಲೆನಿಹನ್ ಊರೂರಿಗೆ ಸಾರಿದರು. ಕೊನೆಗೆ ರಸ್ತೆಯ ಯೋಜನೆಯನ್ನೇ ತಿದ್ದಿ ಮರವನ್ನು ಉಳಿಸಲಾಯಿತು. 2002ರಲ್ಲಿ ಯಾರೋ ಅದರ ಕೊಂಬೆಗಳನ್ನು ಕತ್ತರಿಸಿದರು. ಮರ ಮತ್ತೆ ಚಿಗುರಿತು.

ಎರಡನೆಯದು ತಾರಾ ಬೆಟ್ಟದ ಸಂಗತಿ. ಐರ್ಲೆಂಡಿನ ಪ್ರಾಚೀನ ಅರಸರ ಪಟ್ಟಾಭಿಷೇಕದ ನೆಲೆಯೆಂದು ಹೆಸರಾದ ಅದರ ಪಕ್ಕದ ಕಣಿವೆಯಲ್ಲಿ ಎಂ3 ಹೆದ್ದಾರಿ ಹಾದುಹೋಯಿತು. ವರ್ಷಗಟ್ಟಲೆ ಪ್ರತಿಭಟನೆ ನಡೆಯಿತು. 2007ರಲ್ಲಿ ರಸ್ತೆಯ ದಾರಿಯಲ್ಲಿಯೇ ಲಿಸ್‌ಮಲಿನ್ ಎಂಬಲ್ಲಿ ಪ್ರಾಚೀನ ವರ್ತುಲಾಕಾರದ ನೆಲೆಯೊಂದು ಪತ್ತೆಯಾಯಿತು. ಅದನ್ನು ದಾಖಲಿಸಿಕೊಂಡು ಕೆಲಸ ಮುಂದುವರಿಸಲಾಯಿತು. 2010ರಲ್ಲಿ ರಸ್ತೆ ತೆರೆಯಿತು. ಒಂದು ಮರ ಉಳಿಯಿತು, ಒಂದು ಕಣಿವೆ ಉಳಿಯಲಿಲ್ಲ. ಸಂಕೇತ ಸಣ್ಣ ತಿರುವನ್ನು ಪಡೆಯಬಲ್ಲದು. ದೊಡ್ಡ ತಿರುವಿಗೆ ಕಾನೂನೂ ಸಂಘಟನೆಯೂ ಬೇಕು, ಅವುಗಳಿದ್ದರೂ ಕೆಲವೊಮ್ಮೆ ಸಾಲವು. ಇದನ್ನು ಮರೆಮಾಚಿ ನಿಮ್ಮನ್ನು ಹುರಿದುಂಬಿಸುವುದು ನನ್ನಿಂದಾಗದು.

ಹೂವಿನ ಸಂಗತಿಯೊಂದು ಉಳಿದಿದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1752ರಲ್ಲಿ ಪಂಚಾಂಗ ಬದಲಿಸಿದಾಗ 11 ದಿನಗಳನ್ನು ಕೈಬಿಟ್ಟರು. ಅಂದಿನಿಂದ ಮೇ 1 ಮುಂಚಿತವಾಗಿ ಬರತೊಡಗಿ, ಹಾಥಾರ್ನ್ ಹೂವು ಹಲವೆಡೆ ಹಬ್ಬಕ್ಕೆ ತಡವಾಗುತ್ತಿತ್ತು. ಈಗ ಹೂವೇ ಅವಸರ ಮಾಡುತ್ತಿದೆ. ಬ್ರಿಟನ್ನಿನ 406 ಸಸ್ಯಜಾತಿಗಳ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1987ರ ನಂತರದ ವರ್ಷಗಳಲ್ಲಿ ಮೊದಲ ಹೂವು ಹಿಂದಿಗಿಂತ ಸರಾಸರಿ ಒಂದು ತಿಂಗಳು ಮುಂಚೆ ಅರಳಿದೆ. ಭೂಮಿ ಬಿಸಿಯಾಗುತ್ತಿರುವುದರ ಸಾಕ್ಷಿಯಿದು. ಆ ದಾಖಲೆಗಳನ್ನು ಬರೆದಿಟ್ಟವರಲ್ಲಿ ಬಹುಮಂದಿ ಪದವೀಧರ ವಿಜ್ಞಾನಿಗಳಲ್ಲ. ತಮ್ಮ ಹಿತ್ತಿಲ ಮೊದಲ ಹೂವಿನ ದಿನಾಂಕವನ್ನು ತಲೆಮಾರುಗಳಿಂದ ಗುರುತು ಹಾಕಿಕೊಂಡ ಹವ್ಯಾಸಿಗಳು.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬಿನ್ನಹ ಇದು. ಸೌವಿನ್ ಹಬ್ಬವನ್ನು ಇಲ್ಲಿ ಆಚರಿಸಬೇಡಿ ಎಂದೂ ಹೇಳುವುದಿಲ್ಲ, ಆಚರಿಸಿ ಎಂದೂ ಹೇಳುವುದಿಲ್ಲ. ಈ ಸಭೆ ಮುಗಿದ ಮೇಲೆ ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ: ನಮ್ಮ ಬೇಣಕ್ಕೆ ದನ ಬಿಡದ ತಿಂಗಳು ಯಾವುದಾಗಿತ್ತು? ಸೊಪ್ಪಿನ ಬೆಟ್ಟದಲ್ಲಿ ಕತ್ತಿ ಹಾಕಬಾರದ ದಿನ ಯಾವುದಾಗಿತ್ತು? ಯಾವ ಹಬ್ಬದ ಮೊದಲು ಯಾವ ಕಾಯನ್ನು ಮುಟ್ಟುತ್ತಿರಲಿಲ್ಲ? ಉತ್ತರವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಪಕ್ಕದಲ್ಲಿ ಈ ವರ್ಷ ನಿಮ್ಮ ಹಿತ್ತಿಲ ಮಾವಿನ ಮೊದಲ ಹೂವು ಕಂಡ ದಿನಾಂಕವನ್ನೂ ಬರೆಯಿರಿ. ಮುಂದಿನ ಸಮಾವೇಶಕ್ಕೆ ಆ ಪುಸ್ತಕಗಳೊಂದಿಗೆ ಬನ್ನಿ. ಮಾತು ಅಲ್ಲಿಂದ ಮುಂದುವರಿಯಲಿ.